ಟ್ಯಾಂಕಿಗೆ ಬಿದ್ದ ನೀರಿಗೆ ಯಾರು ದಿಕ್ಕು?

ಮೋಟರ್‌ಹೋಮ್ (ಅಡುಗೆ, ನಿದ್ದೆ, ಸ್ನಾನ ಎಲ್ಲ ಒಳಗೇ ಆಗುವ ಪ್ರವಾಸದ ಗಾಡಿ) ಇಟ್ಟುಕೊಂಡವರ ಜೊತೆ ಮಾತಿಗೆ ಕೂತರೆ ನಾನು ಕೇಳುವ ಪ್ರಶ್ನೆ ಒಂದಿದೆ. ನಿಮ್ಮ ಗಾಡಿಯ ಟ್ಯಾಂಕಿನ ನೀರು ಕುಡಿಯುತ್ತೀರಾ? ಬಹುಪಾಲು ಜನ ತಲೆ ಅಲ್ಲಾಡಿಸುತ್ತಾರೆ. "ಇಲ್ಲಪ್ಪ, ಕುಡಿಯೋಕೆ ಬಾಟಲಿ ನೀರೇ. ಟ್ಯಾಂಕಿನ ನೀರು ಪಾತ್ರೆಗೆ, ಸ್ನಾನಕ್ಕೆ ಅಷ್ಟೇ." ಹಾಗೆ ಹೇಳುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ. ಆ ಉತ್ತರ ಮಾತ್ರ ನನ್ನನ್ನು ಕೊರೆಯುತ್ತಲೇ ಇರುತ್ತದೆ. ಯಾಕಂದ್ರೆ ಅದೇ ನೀರಲ್ಲಿ ಅವರು ಹಲ್ಲುಜ್ಜುತ್ತಾರೆ. ಅದೇ ನೀರಲ್ಲಿ ಹಣ್ಣು ತೊಳೆದು ಸಿಪ್ಪೆ ಸಮೇತ ತಿನ್ನುತ್ತಾರೆ. ಅದೇ ನೀರಲ್ಲಿ ತೊಳೆದ ಲೋಟ ಇನ್ನೂ ಒದ್ದೆ ಇರುವಾಗಲೇ ಬಾಟಲಿ ನೀರು ಸುರಿದು ಮಗುವಿನ ಕೈಗೆ ಕೊಡುತ್ತಾರೆ. ಕುಡಿಯಲು ಹೆದರಿಕೆ ಆಗುವಂಥ ನೀರು ಗಾಡಿಯಲ್ಲಿದ್ದರೆ ಅದನ್ನು ಸರಿ ಮಾಡಬೇಕು. ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಬಾಟಲಿ ಇಟ್ಟುಕೊಂಡರೆ ಏನು ಸರಿಹೋದಂತಾಯಿತು?

ಮನೆಯಲ್ಲಿ ನಲ್ಲಿ ತಿರುಗಿಸುವಾಗ ನಾವು ಇಷ್ಟೆಲ್ಲ ಯೋಚಿಸುವುದಿಲ್ಲ. ಆ ನಲ್ಲಿಯ ಹಿಂದೆ ಯಾರೋ ಹಗಲೂ ರಾತ್ರಿ ಕೆಲಸ ಮಾಡುತ್ತಿರುತ್ತಾರೆ. ನೀರು ಸೋಸುತ್ತಾರೆ, ಕ್ಲೋರಿನ್ ಹಾಕುತ್ತಾರೆ, ಪರೀಕ್ಷೆ ಮಾಡುತ್ತಾರೆ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ಊರಿನ ನೀರಿಗೆ ನಿತ್ಯ ಕ್ಲೋರಿನ್ ಬೆರೆಸಲು ಶುರು ಮಾಡಿತು. ಅಲ್ಲಿಂದ ಈ ಪದ್ಧತಿ ಹಬ್ಬುತ್ತಾ ಹೋಯಿತು. ಊರೂರಿನಲ್ಲಿ ಟೈಫಾಯ್ಡ್ ಇಳಿಯಲು ಇದೂ ಒಂದು ದೊಡ್ಡ ಕಾರಣ. ಕ್ಲೋರಿನ್‌ನ ದೊಡ್ಡ ಗುಣ ಅಂದರೆ ಅದು ಒಂದು ಸಲ ಕೊಂದು ಸುಮ್ಮನಾಗುವುದಿಲ್ಲ. ಸ್ವಲ್ಪ ಉಳಿದುಕೊಂಡು, ಪೈಪಿನ ಉದ್ದಕ್ಕೂ ನೀರಿನ ಜೊತೆ ಕಾವಲಿಗೆ ಬರುತ್ತದೆ. ನಲ್ಲಿಯ ಹತ್ತಿರ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಆದರೂ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಡಿಯ ಟ್ಯಾಂಕಿಗೆ ಬಿದ್ದ ಮೇಲೆ ಆ ಕಾವಲು ಕರಗುತ್ತಾ ಹೋಗುತ್ತದೆ. ಬಿಸಿಲಿಗೆ ಟ್ಯಾಂಕ್ ಕಾದಷ್ಟೂ ಬೇಗ ಕರಗುತ್ತದೆ. ಟ್ಯಾಂಕಿನ ತಳದಲ್ಲಿ ಕೆಸರಿದ್ದರೆ ಇನ್ನೂ ಬೇಗ. ಕೆಲವೇ ದಿನದಲ್ಲಿ ಅದು ಕ್ಲೋರಿನ್ ಇಲ್ಲದ ಬರೀ ನೀರು. ಅಲ್ಲಿಂದ ಮುಂದೆ ನೀರು ಸರಬರಾಜು ಇಲಾಖೆ ನಾವೇ. ಇದನ್ನು ಮನಸ್ಸಿಗೆ ತಂದುಕೊಂಡರೆ ಉಳಿದ ಕೆಲಸಗಳಿಗೆಲ್ಲ ಅರ್ಥ ಬರುತ್ತದೆ.

ನಲ್ಲಿಯ ಬಾಯಿ

ನೀರು ತುಂಬಿಸುವ ಜಾಗಗಳಲ್ಲಿ ಸಾಮಾನ್ಯವಾಗಿ ಎರಡು ನಲ್ಲಿ ಇರುತ್ತವೆ. ಒಂದು ಕುಡಿಯುವ ನೀರಿಗೆ, ಇನ್ನೊಂದು ಟಾಯ್ಲೆಟ್ ಕ್ಯಾಸೆಟ್, ಅಂದರೆ ಗಾಡಿಯ ಟಾಯ್ಲೆಟ್ಟಿನಿಂದ ಹೊರಗೆ ತೆಗೆಯುವ ಮಲದ ಡಬ್ಬಿ, ತೊಳೆಯೋಕೆ. ಬೋರ್ಡೂ ಇರುತ್ತದೆ. ಆದರೆ ಎಷ್ಟೋ ಕಡೆ ಎರಡೂ ಅಕ್ಕಪಕ್ಕದಲ್ಲೇ. ಒಂದು ಸಂಜೆ ನಾನು ನನ್ನ ಸರದಿಗೆ ಕಾಯುತ್ತಾ ನಿಂತಿದ್ದೆ. ಮುಂದಿನ ಗಾಡಿಯವರು ವಯಸ್ಸಾದವರು. ಹಿಂದೆ ಇದ್ದವರನ್ನು ಕಾಯಿಸಬಾರದು ಅಂತ ಅವಸರ ಮಾಡುತ್ತಿದ್ದರು. ಕ್ಯಾಸೆಟ್ ಖಾಲಿ ಮಾಡಿ ತೊಳೆಯುವ ನಲ್ಲಿ ತಿರುಗಿಸಿದರು. ನೀರು ಸಣ್ಣಗೆ ಬಂತು. ಕ್ಯಾಸೆಟ್ ಎತ್ತಿಕೊಂಡು ಕುಡಿಯುವ ನೀರಿನ ನಲ್ಲಿಗೆ ಬಂದರು. ಅದರ ಮೂತಿಯನ್ನು ನಲ್ಲಿಯ ಬಾಯಿಗೆ ಒತ್ತಿ ಹಿಡಿದು ನೀರು ಬಿಟ್ಟರು. ಕುಲುಕಿದರು. ಚೆಲ್ಲಿ ಬಂದು ಮತ್ತೆ ಒತ್ತಿ ಹಿಡಿದರು. ಅವರು ಕ್ಯಾಸೆಟ್ ತೆಗೆದಾಗ ಹಿತ್ತಾಳೆ ನಲ್ಲಿಯ ತುದಿಯಲ್ಲಿ ತಿಳಿ ನೀಲಿ ಹನಿಯೊಂದು ನೇತಾಡುತ್ತಿತ್ತು. ಟಾಯ್ಲೆಟ್‌ಗೆ ಹಾಕುವ ದ್ರಾವಣದ ಬಣ್ಣ ಅದು. "ಬನ್ನಿ ಸರ್, ನಿಮ್ಮದು" ಅಂದರು ನಗುತ್ತಾ.

ನಾನು ಆ ಹನಿ ತೋರಿಸಿದೆ. "ಸರ್, ಇದೇ ನಲ್ಲಿಗೆ ಈಗ ನಾನು ಪೈಪ್ ಹಾಕಬೇಕು" ಅಂದೆ. ಅವರು ಒಂದು ಕ್ಷಣ ಸುಮ್ಮನೆ ನಿಂತರು. "ಹೌದಲ್ವಾ. ನೀರು ಒಳಗಿಂದ ಹೊರಗೆ ಬರ್ತಾ ಇದೆ, ನಲ್ಲಿಗೆ ಏನಾಗುತ್ತೆ ಅಂದ್ಕೊಂಡಿದ್ದೆ" ಅಂದರು. ಆಮೇಲೆ ಅವರೇ ತಮ್ಮ ಗಾಡಿಯಿಂದ ಬ್ಲೀಚ್ ಬಾಟಲಿ, ಬಟ್ಟೆ ತಂದು ಒರೆಸಿದರು. ಅವತ್ತು ಬಣ್ಣ ಇದ್ದದ್ದರಿಂದ ಕಣ್ಣಿಗೆ ಬಿತ್ತು. ಬಣ್ಣ ಇಲ್ಲದ ಹನಿಗಳು ದಿನವೂ ಬೀಳುತ್ತಿರುತ್ತವೆ. ಊರಿನ ಪೈಪಿನಲ್ಲಿ ಬರುವ ನೀರು ಎಷ್ಟೇ ಶುದ್ಧವಾಗಿರಲಿ, ಅದು ನಲ್ಲಿಯ ಆ ಕೊನೆಯ ಅಂಗುಲವನ್ನು ದಾಟಿಕೊಂಡೇ ನಮ್ಮ ಟ್ಯಾಂಕಿಗೆ ಬರಬೇಕು.

ಹಾಗಾಗಿ ನನ್ನ ಮೊದಲ ಕೆಲಸ ನಲ್ಲಿಯ ಬಾಯಿ ಒರೆಸುವುದು. ಬ್ಲೀಚ್ ಬೆರೆಸಿದ ನೀರನ್ನು ಸಣ್ಣ ಸ್ಪ್ರೇ ಬಾಟಲಿಯಲ್ಲಿ ಇಟ್ಟಿರುತ್ತೇನೆ. ದ್ರಾವಣ ಹಳೆಯದಾದರೆ ಶಕ್ತಿ ಹೋಗುತ್ತದೆ, ಆಗಾಗ ಹೊಸದು ಮಾಡಿಕೊಳ್ಳಬೇಕು. ನಲ್ಲಿಯ ಒಳಗೂ ಹೊರಗೂ ಹೊಡೆದು, ಕೆಲವು ನಿಮಿಷ ಬಿಟ್ಟು, ಜೋರಾಗಿ ನೀರು ಹರಿಸುತ್ತೇನೆ. ಆಮೇಲೆ ನನ್ನದೇ ಜೋಡಣೆ ಹಾಕುತ್ತೇನೆ. ಪೈಪ್ ಕೂಡ ಕುಡಿಯುವ ನೀರಿಗೇ ಅಂತ ಮಾಡಿದ್ದು. ತೋಟಕ್ಕೆ ಹಾಕುವ ಪೈಪ್ ಬೇಡ. ಬಿಸಿಲಲ್ಲಿ ಬಿದ್ದ ತೋಟದ ಪೈಪಿನಿಂದ ಬರುವ ಮೊದಲ ನೀರಿನ ಪ್ಲಾಸ್ಟಿಕ್ ವಾಸನೆ ಎಲ್ಲರಿಗೂ ಗೊತ್ತು, ಅದರಲ್ಲಿನ ರಾಸಾಯನಿಕ ನೀರಿಗೆ ಇಳಿದಿದೆ ಅಂತಲೇ ಅರ್ಥ. ಪೈಪ್ ಜೋಡಿಸಿದ ಕೂಡಲೇ ಟ್ಯಾಂಕಿಗೆ ಬಿಡುವುದಿಲ್ಲ, ಸ್ವಲ್ಪ ಹೊತ್ತು ಹೊರಗೆ ಹರಿಸುತ್ತೇನೆ. ಮುಗಿದ ಮೇಲೆ ಒಳಗಿನ ನೀರನ್ನೆಲ್ಲ ಬಸಿದು, ಎರಡೂ ತುದಿಯನ್ನು ಒಂದಕ್ಕೊಂದು ಸಿಕ್ಕಿಸಿ ಇಡುತ್ತೇನೆ. ಧೂಳು ಹೋಗಲ್ಲ, ಹುಳ ಹೋಗಲ್ಲ. ಟಾಯ್ಲೆಟ್ ಕೆಲಸದ ಕೈಗವಸು, ಕೊಳೆ ನೀರಿನ ಪೈಪ್ ಇರುವ ಪೆಟ್ಟಿಗೆಯಲ್ಲಿ ಇದನ್ನು ಯಾವತ್ತೂ ಇಡುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ತುಂಬಿಸುವಾಗ ಪೈಪಿನ ತುದಿಯನ್ನು ಟ್ಯಾಂಕಿನ ಆಳಕ್ಕೆ ಇಳಿಬಿಡಬೇಡಿ. ಆ ಹೊತ್ತಿಗೆ ಊರಿನ ಪೈಪಿನಲ್ಲಿ ಒತ್ತಡ ಕುಸಿದರೆ ನಮ್ಮ ಟ್ಯಾಂಕಿನ ನೀರು ಹಿಂದಕ್ಕೆ ಎಳೆದುಕೊಂಡು ಹೋಗಬಹುದು. ನಮ್ಮ ನೀರು ಕೆಡಬಾರದು ಅನ್ನುವಷ್ಟೇ ಇನ್ನೊಬ್ಬರ ನೀರು ನಮ್ಮಿಂದ ಕೆಡಬಾರದು ಅನ್ನುವುದೂ ಮುಖ್ಯ.

ಪೈಪಿನ ಒಳಗಿನ ಲೋಳೆ

ಒಬ್ಬ ಗೆಳೆಯರ ಗಾಡಿಯಲ್ಲಿ ನೀರಿನ ಪಂಪ್ ಗೊರಗೊರ ಸದ್ದು ಮಾಡಲು ಶುರುವಾಗಿತ್ತು. ನೋಡೋಣ ಅಂತ ಇಬ್ಬರೂ ಕೂತೆವು. ಪಂಪಿಗೆ ಮುಂಚೆ ಬಲೆ ಇರುವ ಒಂದು ಸಣ್ಣ ಡಬ್ಬಿ ಇರುತ್ತದೆ, ಕಸ ಹಿಡಿಯೋಕೆ. ಅದನ್ನು ಬಿಚ್ಚಿದರೆ ಬಲೆಯ ಮೇಲೆ ಕಂದು ಬಣ್ಣದ ತೆಳು ಪೊರೆ. ಬೆರಳಲ್ಲಿ ಒರೆಸಿದರೆ ಎಳೆ ಎಳೆಯಾಗಿ ಬಂತು. ಅದರ ಹಿಂದಿನ ಪಾರದರ್ಶಕ ಪೈಪನ್ನು ಉದ್ದಕ್ಕೆ ಸೀಳಿದೆವು. ಬೆಳಕು ಬೀಳುವ ಕಡೆ ಹಸಿರು ಪಾಚಿ. ನೆರಳಿನ ಕಡೆ ಬಣ್ಣವೇ ಇಲ್ಲ, ಬರಿಗಣ್ಣಿಗೆ ಶುದ್ಧವಾಗಿತ್ತು. ಆದರೆ ಉಗುರಲ್ಲಿ ಕೆರೆದಾಗ ಉಗುರಿನ ಸಂದಿಗೆ ಲೋಳೆ ಬಂತು. ಅದೇ ನಲ್ಲಿಯಿಂದ ಬೆಳಗ್ಗೆ ಹಿಡಿದಿಟ್ಟ ಗಾಜಿನ ಲೋಟದ ನೀರು ಪಕ್ಕದಲ್ಲೇ ಇತ್ತು. ಫಳಫಳ ಹೊಳೆಯುತ್ತಿತ್ತು. ವಾಸನೆಯೂ ಇರಲಿಲ್ಲ. ನೀರು ತಿಳಿಯಾಗಿದೆ, ಹಾಗಾಗಿ ಚೆನ್ನಾಗಿದೆ ಅಂತ ಹೇಳುವವರಿಗೆ ನಾನು ಈ ಪೈಪಿನ ಕಥೆ ಹೇಳುತ್ತೇನೆ.

ಬ್ಯಾಕ್ಟೀರಿಯಾ ನೀರಲ್ಲಿ ತೇಲಿಕೊಂಡಿರುವುದಕ್ಕಿಂತ ಗೋಡೆಗೆ ಅಂಟಿಕೊಂಡು ಇರುವುದೇ ಜಾಸ್ತಿ. ಅಂಟಿದ ಮೇಲೆ ಸುತ್ತ ಒಂದು ಲೋಳೆ ಸುರಿಸಿಕೊಂಡು ಅದರೊಳಗೆ ವಾಸ ಮಾಡುತ್ತವೆ. ಕ್ಲೋರಿನ್ ಬಂದಾಗ ಮೇಲಿನ ಪದರದ ಜೊತೆ ಸೆಣಸುತ್ತಾ ಖರ್ಚಾಗಿ ಹೋಗುತ್ತದೆ, ಒಳಗಿನವು ಉಳಿದುಕೊಳ್ಳುತ್ತವೆ. ಅದಕ್ಕೇ ಕುಡಿಯುವ ನೀರಿನಲ್ಲಿರುವ ಅಷ್ಟಿಷ್ಟು ಕ್ಲೋರಿನ್ ಇಲ್ಲಿ ಸಾಕಾಗುವುದಿಲ್ಲ. ಆಗಾಗ ಗಟ್ಟಿ ದ್ರಾವಣ ಹಾಕಿ, ಸಾಕಷ್ಟು ಹೊತ್ತು ಬಿಟ್ಟು, ಇಡೀ ವ್ಯವಸ್ಥೆಯನ್ನು ತೊಳೆಯಬೇಕು.

ಲೆಕ್ಕ ಕಷ್ಟದ್ದಲ್ಲ. ಸುವಾಸನೆ ಹಾಕದ, ಜೆಲ್ ಥರ ಮಂದ ಮಾಡದ ಸಾದಾ ಬ್ಲೀಚ್, ಅಂದರೆ ಶೇಕಡಾ 5ರಷ್ಟು ಸೋಡಿಯಂ ಹೈಪೋಕ್ಲೋರೈಟ್ ಇರುವುದು, ಲೀಟರಿಗೆ 1 ಮಿಲಿಲೀಟರ್. 100 ಲೀಟರ್ ಟ್ಯಾಂಕಿಗೆ 100 ಮಿಲಿಲೀಟರ್. ಆಗ ಲೀಟರಿಗೆ ಸುಮಾರು 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಬ್ಲೀಚನ್ನು ನೇರವಾಗಿ ಸುರಿಯದೆ ಮೊದಲು ಬಕೆಟ್ ನೀರಲ್ಲಿ ಕಲಸಿ ಹಾಕುತ್ತೇನೆ. ಟ್ಯಾಂಕ್ ಬಾಯಿಮಟ್ಟ ತುಂಬಿಸುತ್ತೇನೆ, ಮೇಲ್ಭಾಗದ ಗೋಡೆಗೂ ತಾಗಬೇಕಲ್ಲ. ಆಮೇಲೆ ಒಂದೊಂದೇ ನಲ್ಲಿ, ತಣ್ಣೀರು ಬಿಸಿನೀರು ಎರಡೂ, ಬ್ಲೀಚ್ ವಾಸನೆ ಬರುವವರೆಗೆ ಬಿಡುತ್ತೇನೆ. ಷವರ್, ಟಾಯ್ಲೆಟ್ ಫ್ಲಷ್, ಹೊರಗಡೆಯ ಷವರ್ ಯಾವುದನ್ನೂ ಬಿಡಬಾರದು. ಯಾರೂ ಬಳಸದ ನಲ್ಲಿಯ ಪೈಪಿನಲ್ಲೇ ನೀರು ಹೆಚ್ಚು ಕಾಲ ನಿಂತಿರುತ್ತದೆ. ಕನಿಷ್ಠ ನಾಲ್ಕು ಗಂಟೆ ಹಾಗೇ ಬಿಡಬೇಕು. ಎಲ್ಲೋ ಹತ್ತಿರಕ್ಕೆ ಗಾಡಿ ಓಡಿಸಿಕೊಂಡು ಬಂದರೆ ನೀರು ಒಳಗೆ ಕುಲುಕಾಡಿ ಇನ್ನೂ ಒಳ್ಳೆಯದು. ಆಮೇಲೆ ಪೂರ್ತಿ ಬಸಿದು, ಹೊಸ ನೀರು ತುಂಬಿ, ವಾಸನೆ ಹೋಗುವವರೆಗೆ ಹರಿಸಬೇಕು. ಬಸಿದ ನೀರನ್ನು ಹುಲ್ಲಿಗೋ ಹಳ್ಳಕ್ಕೋ ಬಿಡಬಾರದು, ಕೊಳೆ ನೀರಿನ ಚರಂಡಿಗೇ ಹೋಗಬೇಕು.

ಇದಕ್ಕೆ ಮುಂಚೆ ಫಿಲ್ಟರ್ ಬಿಚ್ಚಿಡಬೇಕು. ಇಲ್ಲದಿದ್ದರೆ ಅದು ಕ್ಲೋರಿನ್ ಹೀರಿಕೊಂಡು ಮುಂದಿನ ಪೈಪಿಗೆ ಏನೂ ಸಿಗುವುದಿಲ್ಲ. ಇನ್ನೊಂದನ್ನು ಒತ್ತಿ ಹೇಳುತ್ತೇನೆ. ಸುಣ್ಣದ ಪದರ ತೆಗೆಯಲು ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಹಾಕುವುದು ಬೇರೆ ಕೆಲಸ. ಅದನ್ನೂ ಬ್ಲೀಚನ್ನೂ ಒಂದೇ ಸಲ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಡಿಯಂಥ ಸಣ್ಣ ಜಾಗದಲ್ಲಿ ಅದು ಪ್ರಾಣಕ್ಕೆ ಅಪಾಯ. ಒಂದು ಮುಗಿದು, ಚೆನ್ನಾಗಿ ತೊಳೆದು, ಆಮೇಲೆ ಇನ್ನೊಂದು.

ಹೀಗೆ ತೊಳೆಯುವುದಕ್ಕಿಂತಲೂ ಜಾಸ್ತಿ ಕೆಲಸ ಮಾಡುವುದು ದಿನದ ಒಂದು ಅಭ್ಯಾಸ. ನೀರು ಅರ್ಧಕ್ಕೆ ಬಂದಾಗಲೆಲ್ಲ ಮೇಲೆ ತುಂಬಿಸುತ್ತಾ ಹೋದರೆ ಹಳೆ ನೀರು ಒಂದಿಷ್ಟು ಯಾವಾಗಲೂ ಉಳಿದುಕೊಂಡೇ ಇರುತ್ತದೆ. ಆಗಾಗ ಒಮ್ಮೆಯಾದರೂ ಪೂರ್ತಿ ಖಾಲಿ ಮಾಡಿ ತುಂಬಿಸಿ. ಗಾಡಿ ನಿಲ್ಲಿಸಿ ಮನೆಗೆ ಹೋಗುವಾಗ ಟ್ಯಾಂಕ್, ಪೈಪ್, ಗೀಸರ್ ಎಲ್ಲ ಬಸಿದುಬಿಡಿ. ಗೀಸರ್ ಆರಿಸಿ, ತಣ್ಣಗಾದ ಮೇಲೆಯೇ ಬಸಿಯಬೇಕು. ಹಿಮ ಬೀಳುವ ಕಡೆಯಾದರೆ ಬಸಿಯದೆ ಬೇರೆ ದಾರಿಯೇ ಇಲ್ಲ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಪೈಪ್, ಪಂಪ್ ಒಡೆದು ಹೋಗುತ್ತವೆ.

ಫಿಲ್ಟರ್ ಎಲ್ಲಿ ಕೂರಬೇಕು?

ಹೊಸದಾಗಿ ಗಾಡಿ ತಗೊಂಡವರು ಮೊದಲು ಕೊಳ್ಳುವ ವಸ್ತು ಇದ್ದಿಲಿನ ಫಿಲ್ಟರ್. ಅದನ್ನು ನೀರು ತುಂಬಿಸುವ ಪೈಪಿಗೇ ಹಾಕುತ್ತಾರೆ, ಟ್ಯಾಂಕಿಗೆ ಹೋಗುವ ನೀರೇ ಶುದ್ಧವಾಗಿರಲಿ ಅಂತ. ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಇದ್ದಿಲು ಮೊದಲು ತೆಗೆಯುವುದೇ ಕ್ಲೋರಿನ್ನು. ಅಂದರೆ ಊರಿನವರು ಕಷ್ಟಪಟ್ಟು ನೀರಿನ ಜೊತೆ ಕಳಿಸಿದ ಕಾವಲುಗಾರನನ್ನು ಬಾಗಿಲಲ್ಲೇ ತಡೆದು, ಬರೀ ನೀರನ್ನು ಒಳಗೆ ಕೂರಿಸಿದಂತಾಯಿತು. ಆ ನೀರು ಟ್ಯಾಂಕಿನಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ನನ್ನ ಅಭಿಪ್ರಾಯ ಸ್ಪಷ್ಟ: ಇದ್ದಿಲಿನ ಫಿಲ್ಟರ್ ಟ್ಯಾಂಕಿನ ಆಚೆ, ಅಡುಗೆಮನೆಯ ನಲ್ಲಿಯ ಹತ್ತಿರ ಇರಲಿ. ಕುಡಿಯುವ ಗಳಿಗೆಯಲ್ಲಿ ವಾಸನೆ, ರುಚಿ ಸರಿ ಮಾಡಲಿ. ತುಂಬಿಸುವ ಕಡೆ ಬೇಕಿದ್ದರೆ ಮರಳು, ತುಕ್ಕಿನ ಕಣಗಳನ್ನಷ್ಟೇ ತಡೆಯುವ ಫಿಲ್ಟರ್ ಸಾಕು. ಇದ್ದಿಲಿನ ಒಳಗೂ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತವೆ, ಹಾಗಾಗಿ ಹೇಳಿದ ಅವಧಿಗೆ ಬದಲಾಯಿಸಲೇಬೇಕು. ಗಾಡಿ ಬಹಳ ದಿನ ನಿಂತಿದ್ದರೆ ಅವಧಿ ಮುಗಿಯದಿದ್ದರೂ ಎಸೆಯುವುದೇ ಸರಿ.

ಟಿಡಿಎಸ್ ಮೀಟರ್ ಹಿಡಿದುಕೊಂಡು ಓಡಾಡುವವರೂ ಇದ್ದಾರೆ. ಅಂಕಿ ಕಡಿಮೆ ಬಂದರೆ ಖುಷಿ. ಆ ಮೀಟರ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು, ಅದರಿಂದ ಕರಗಿದ ಲವಣ ಎಷ್ಟಿದೆ ಅಂತ ಅಂದಾಜು ಮಾಡುತ್ತದೆ. ರೋಗಾಣುವಿನ ಬಗ್ಗೆ ಅದಕ್ಕೆ ಏನೂ ತಿಳಿಯದು. ಕ್ಲೋರಿನ್ ಉಳಿದಿದೆಯಾ ಅಂತ ನೋಡಲು ಬಣ್ಣ ಬದಲಾಗುವ ಪಟ್ಟಿಗಳು ಸಿಗುತ್ತವೆ. ನಾನಾದರೆ ಮೀಟರ್ ಬಿಟ್ಟು ಆ ಪಟ್ಟಿ ತಗೊಳ್ಳಿ ಅನ್ನುತ್ತೇನೆ.

ಕ್ಲೋರಿನ್ ಬಗ್ಗೆ ಇಷ್ಟು ಹೊಗಳಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ನಲ್ಲಿ ನೀರಿನಿಂದ ಸುಮಾರು ನಾಲ್ಕು ಲಕ್ಷ ಜನರಿಗೆ ಭೇದಿ ಹಿಡಿಯಿತು. ಕಾರಣ ಕ್ರಿಪ್ಟೋಸ್ಪೋರಿಡಿಯಂ ಅನ್ನುವ ಪರಜೀವಿ. ಅದರ ಮೊಟ್ಟೆಯಂಥ ರೂಪಕ್ಕೆ ಗಟ್ಟಿ ಚಿಪ್ಪು ಇರುತ್ತದೆ, ನೀರಿಗೆ ಹಾಕುವ ಕ್ಲೋರಿನ್‌ಗೆ ಅದು ಜಗ್ಗುವುದಿಲ್ಲ. ಗಾತ್ರ 4ರಿಂದ 6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಹಾಗಾಗಿ 1 ಮೈಕ್ರಾನ್‌ಗಿಂತ ದೊಡ್ಡ ರಂಧ್ರವೇ ಇಲ್ಲದ ಫಿಲ್ಟರ್ ಅದನ್ನು ಹಿಡಿಯುತ್ತದೆ. ಅತಿನೇರಳೆ ದೀಪವೂ ಅದನ್ನು ಮಣಿಸುತ್ತದೆ, ಆದರೆ ನೀರು ತಿಳಿಯಾಗಿರಬೇಕು. ದೀಪ ದಾಟಿದ ಮೇಲೆ ನೀರಿನ ಜೊತೆ ಕಾವಲು ಇರುವುದಿಲ್ಲ ಅನ್ನುವುದೂ ನೆನಪಿರಲಿ. ಹೊಳೆ, ಕೆರೆ, ಗುರುತಿಲ್ಲದ ಬಾವಿ ನೀರನ್ನು ನಾನು ಟ್ಯಾಂಕಿಗೆ ತುಂಬಿಸುವುದೇ ಇಲ್ಲ. ಬೇರೆ ದಾರಿ ಇಲ್ಲದಾಗ ಕ್ಯಾನಿನಲ್ಲಿ ತಂದು, ಬೇಕಾದಷ್ಟನ್ನು ಕುದಿಸಿ ಬಳಸುತ್ತೇನೆ. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು, 2000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ.

ಕುಡಿಯದೆಯೂ ಬರುವ ಕಾಯಿಲೆ

ಬಾಟಲಿ ನೀರಿನ ನೆಮ್ಮದಿಯನ್ನು ನಾನು ಯಾಕೆ ಒಪ್ಪುವುದಿಲ್ಲ ಅನ್ನುವುದಕ್ಕೆ ಮುಖ್ಯ ಕಾರಣ ಇದು. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಅನ್ನುವ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಹೋದವರಲ್ಲಿ ಹಲವರಿಗೆ ನ್ಯುಮೋನಿಯಾ ಬಂತು, ಎಷ್ಟೋ ಜನ ಸತ್ತರು. ಆರು ತಿಂಗಳು ಯಾರಿಗೂ ಕಾರಣ ಸಿಗಲಿಲ್ಲ. 1977ರ ಜನವರಿಯಲ್ಲಿ ಒಂದು ಹೊಸ ಬ್ಯಾಕ್ಟೀರಿಯಾ ಪತ್ತೆಯಾಯಿತು. ಆ ಸಂಘದ ಹೆಸರಿನಿಂದಲೇ ಅದಕ್ಕೆ ಲೀಜಿಯೊನೆಲ್ಲಾ ಅಂತ ಹೆಸರು ಬಂತು. ಅದು ಹರಡುವುದು ನೀರಿನ ಸೂಕ್ಷ್ಮ ತುಂತುರನ್ನು ಉಸಿರಲ್ಲಿ ಎಳೆದುಕೊಂಡಾಗ. ಷವರ್ ಅಂದರೆ ತುಂತುರು ಮಾಡುವ ಯಂತ್ರವೇ ಅಲ್ವಾ.

ಲೀಜಿಯೊನೆಲ್ಲಾ 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಬೆಳೆಯುತ್ತದೆ. ಲೋಳೆ ಇದ್ದರೆ ಅದಕ್ಕೆ ಆಶ್ರಯ. ಬಿಸಿಲಲ್ಲಿ ನಿಂತ ಗಾಡಿಯ ಟ್ಯಾಂಕ್, ಉಗುರು ಬೆಚ್ಚಗೆ ಇರುವ ಗೀಸರ್, ವಾರಗಟ್ಟಲೆ ಬಳಸದ ಷವರ್ ಪೈಪ್, ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. ಹೆದರಿಸಲು ಹೇಳುತ್ತಿಲ್ಲ, ಆರೋಗ್ಯವಾಗಿರುವ ಹೆಚ್ಚಿನವರಿಗೆ ಇದು ತಗಲುವುದಿಲ್ಲ. ಆದರೆ ವಯಸ್ಸಾದವರು, ಸಿಗರೇಟು ಸೇದುವವರು, ಶ್ವಾಸಕೋಶ ದುರ್ಬಲ ಇರುವವರು ಗಾಡಿಯಲ್ಲಿದ್ದರೆ ಗಂಭೀರವಾಗಿ ತಗೊಳ್ಳಬೇಕು. ಮಾಡಬೇಕಾದ್ದು ಸುಲಭ. ಗೀಸರ್ ಬಳಸುವಾಗ ಆಗಾಗ 60 ಡಿಗ್ರಿಗೆ ಏರಿಸಿ, ಆ ಬಿಸಿನೀರು ಮೈಗೆ ಬೀಳದಂತೆ ನೋಡಿಕೊಳ್ಳಿ. ಷವರಿನ ತಲೆ ಬಿಚ್ಚಿ ಸುಣ್ಣ ತೆಗೆಯಿರಿ. ಬಹಳ ದಿನದ ನಂತರ ಬಳಸುವಾಗ ಷವರಿನ ತಲೆಯನ್ನು ಬಕೆಟ್ಟಿನ ನೀರೊಳಗೆ ಮುಳುಗಿಸಿಟ್ಟು, ಕಿಟಕಿ ತೆರೆದು, ಒಂದೆರಡು ನಿಮಿಷ ನೀರು ಹರಿಯಬಿಡಿ. ತುಂತುರು ಏಳುವುದಿಲ್ಲ.

ಹಳೆ ಗಾಡಿ ಕೊಳ್ಳುವಾಗ

ಮೊನ್ನೆ ಇನ್ನೊಬ್ಬ ಗೆಳೆಯ ಹಳೆಯ ಗಾಡಿ ನೋಡಲು ಹೊರಟ. ನಾನೂ ಜೊತೆಗೆ ಹೋದೆ. ಮಾರುವವರು ಗಾಡಿಯನ್ನು ಚೆನ್ನಾಗಿ ಇಟ್ಟುಕೊಂಡಿದ್ದರು. "ಟ್ಯಾಂಕ್ ಕೂಡ ಫುಲ್ ಇದೆ ಸರ್, ಈಗಲೇ ಹೊರಡಬಹುದು" ಅಂದರು. ಯಾವಾಗ ತುಂಬಿಸಿದ್ದು ಅಂತ ಕೇಳಿದೆ. ಅವರು ಹೆಂಡತಿಯ ಕಡೆ ನೋಡಿದರು. ಅವರು ಇವರ ಕಡೆ ನೋಡಿದರು. ಹಿಂದಿನ ಪ್ರವಾಸಕ್ಕೆ ಇರಬೇಕು ಅಂದರು. ಬಿಸಿನೀರಿನ ನಲ್ಲಿ ತಿರುಗಿಸಿದಾಗ ಕೊಳೆತ ಮೊಟ್ಟೆಯ ವಾಸನೆ ಬಂತು. ನಿಂತ ಗೀಸರಿನಲ್ಲಿ ಸಲ್ಫೇಟ್ ತಿನ್ನುವ ಬ್ಯಾಕ್ಟೀರಿಯಾ ಇದ್ದರೆ ಹಾಗಾಗುತ್ತದೆ. ಕೆಲವು ಗೀಸರುಗಳಲ್ಲಿ ತುಕ್ಕು ತಡೆಯಲು ಮೆಗ್ನೀಷಿಯಂ ಕಡ್ಡಿ ಇಟ್ಟಿರುತ್ತಾರೆ, ಅದು ಈ ವಾಸನೆಯನ್ನು ಹೆಚ್ಚಿಸುತ್ತದೆ. ಗಾಡಿ ಬೇಡ ಅನ್ನುವಷ್ಟು ದೊಡ್ಡ ದೋಷ ಅದಲ್ಲ ಅಂತ ನಾನೇ ಹೇಳಿದೆ. ಗೆಳೆಯ ಕೊಂಡ.

ಆಮೇಲೆ ಇಬ್ಬರೂ ಸೇರಿ ನೀರಿನ ಕೆಲಸಕ್ಕೆ ಕೂತೆವು. ಟ್ಯಾಂಕಿನ ಮುಚ್ಚಳ ತೆಗೆದು ಕೈ ಹಾಕಿ ಮೆತ್ತನೆ ಬಟ್ಟೆಯಲ್ಲಿ ಒಳಗೋಡೆ ಒರೆಸಿದೆವು, ಎಷ್ಟೇ ಬ್ಲೀಚ್ ಹಾಕಿದರೂ ಉಜ್ಜುವುದಕ್ಕೆ ಸಮ ಆಗಲ್ಲ. ಪಾರದರ್ಶಕ ಪೈಪ್ ಇದ್ದ ಕಡೆಯೆಲ್ಲ ಬೆಳಕು ಹೋಗದ ಪೈಪ್ ಹಾಕಿದೆವು. ಹೊರಗಿನ ಷವರ್ ಅವನಿಗೆ ಬೇಡವಾಗಿತ್ತು. ಅದರ ಪೈಪನ್ನು ಕವಲಿನ ಹತ್ತಿರವೇ ಕತ್ತರಿಸಿ ಮುಚ್ಚಿದೆವು, ನೀರು ನಿಲ್ಲಲು ಜಾಗವೇ ಉಳಿಯಲಿಲ್ಲ. ಟ್ಯಾಂಕಿನ ಗಾಳಿ ಕೊಳವೆಯ ಬಲೆ ಹರಿದಿತ್ತು, ಹೊಸದು ಹಾಕಿದೆವು. ಗೀಸರಿನ ಕಡ್ಡಿ ಬದಲಾಯಿಸಿ, ಬ್ಲೀಚ್ ಹಾಕಿ ತೊಳೆದು, ಸಾಕಷ್ಟು ನೀರು ಹರಿಸಿದೆವು.

"ಈಗ ಕುಡಿಯಬಹುದಾ?" ಅಂತ ಗೆಳೆಯ ಕೇಳಿದ. ಇದಕ್ಕೆ ನನ್ನ ಕಣ್ಣು, ಮೂಗು ಉತ್ತರ ಕೊಡಲು ಆಗುವುದಿಲ್ಲ ಅಂದೆ. ಪ್ರಯೋಗಾಲಯದಿಂದ ಬಾಟಲಿ ತಂದೆವು. ಅದರ ತಳದಲ್ಲಿ ಚೂರು ಥಿಯೋಸಲ್ಫೇಟ್ ಇರುತ್ತದೆ, ಉಳಿದ ಕ್ಲೋರಿನ್ನನ್ನು ತಟಸ್ಥ ಮಾಡಲು. ಹಾಗಾಗಿ ಬಾಟಲಿಯನ್ನು ತೊಳೆಯಬಾರದು. ಅಡುಗೆಮನೆಯ ನಲ್ಲಿಯ ಬಾಯಿ ಒರೆಸಿ, ಸ್ವಲ್ಪ ಹೊತ್ತು ನೀರು ಬಿಟ್ಟು, ಬಾಟಲಿಯ ಒಳಗೆ ಬೆರಳು ತಾಗದಂತೆ ಹಿಡಿದು, ತಣ್ಣಗೆ ಇಟ್ಟು ಅದೇ ದಿನ ಮುಟ್ಟಿಸಿದೆವು. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ (ಮಲ ಸೇರಿದೆ ಅಂತ ತೋರಿಸುವ ಬ್ಯಾಕ್ಟೀರಿಯಾ) ಒಂದೂ ಇರಬಾರದು ಅನ್ನುವುದು ಕುಡಿಯುವ ನೀರಿನ ಅಳತೆ. ವರದಿಯಲ್ಲಿ ಇ. ಕೋಲಿ ಇಲ್ಲ ಅಂತ ಬಂತು. ಮುಂದಿನ ಸಲ ಷವರ್ ಕಡೆಯ ನಲ್ಲಿಯಿಂದ ನೀರು ಹಿಡಿಯಬೇಕು ಅಂತ ಮಾತಾಡಿಕೊಂಡಿದ್ದೇವೆ. ಆ ಗಾಡಿಯಲ್ಲಿ ಟ್ಯಾಂಕಿನಿಂದ ತುಂಬಾ ದೂರ ಇರುವುದು ಅದೇ.